ವಾಸನೆಯಿಲ್ಲದ್ದನ್ನು ಮೂಸಿದ ಹಮೀದ್

ಭದ್ರಾವತಿಯ ಹಮೀದನಿಗೆ ದೇವರು ಕೈ ಕೊಟ್ಟಿದ್ದು ವೆಲ್ಡಿಂಗ್ ಮಾಡಲಿಕ್ಕೆ, ಮೂಗು ಕೊಟ್ಟಿದ್ದು ಜಂಬ ಕೊಚ್ಚಿಕೊಳ್ಳಲಿಕ್ಕೆ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ಇವತ್ತು ಮೆಂತ್ಯ ಸೊಪ್ಪು, ಖೀಮಾ. ಉಪ್ಪು ಒಂಚೂರು ಜಾಸ್ತಿ!" ಎಂದು ಕೂಗುತ್ತಿದ್ದ. ಉಪ್ಪಿಗೆ ವಾಸನೆ ಎಲ್ಲಿಂದ ಬಂತೆಂದು ಹೆಂಡತಿ ಅಖ್ತರ್ ಬೀ ಕೇಳುವುದನ್ನೇ ಬಿಟ್ಟಿದ್ದಳು.

ತೊಂಬತ್ತೆಂಟನೇ ಇಸವಿಯಲ್ಲಿ ಅವನು ಮಲವಗೊಪ್ಪದ ಶೆಡ್ಡೊಂದರಲ್ಲಿ ಹಾಲಿನ ಸ್ಟೀಲ್ ಟ್ಯಾಂಕುಗಳಿಗೆ ಆರ್ಗಾನ್ ಗ್ಯಾಸಿನ ವೆಲ್ಡಿಂಗ್ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಗ್ಯಾಸಿನ ಪೈಪನ್ನು ಟ್ಯಾಂಕಿನಿಂದ ಹೊರಗೆಳೆಯಬೇಕು, ಮರುದಿನ ಇಳಿಯುವ ಮೊದಲು ಬ್ಲೋವರ್ ಹಾಕಿ ಒಳಗೆ ಹೊಸ ಗಾಳಿ ತುಂಬಬೇಕು ಎಂಬುದು ಅಲ್ಲಿಯ ಕಟ್ಟಳೆ. ಹಮೀದ್ ಎರಡನ್ನೂ ಮಾಡುತ್ತಿರಲಿಲ್ಲ. ಸ್ಟೂಲು ಹತ್ತಿ, ಟ್ಯಾಂಕಿನ ಬಾಯೊಳಗೆ ತಲೆ ತೂರಿಸಿ, ಎರಡು ಸಲ ಮೂಸಿ, "ಕ್ಲೀನ್!" ಎಂದು ಇಳಿದುಬಿಡುತ್ತಿದ್ದ.

"ಆರ್ಗಾನ್‌ಗೆ ವಾಸನೇನೇ ಇಲ್ಲ ಮಾರಾಯ. ಗಾಳೀನ ಹೊರಗೆ ತಳ್ಳಿ ತಾನು ಕೂತಿರುತ್ತೆ," ಎಂದು ಜೊತೆಗಾರ ಬೀರಪ್ಪ ಬಡಕೊಳ್ಳುತ್ತಿದ್ದ.

"ನಿನ್ನ ಮೂಗಿಗೆ ಇಲ್ಲ," ಎನ್ನುತ್ತಿದ್ದ ಹಮೀದ್.

ಒಂದು ಸೋಮವಾರ ಹಾಗೆಯೇ ತಲೆ ತೂರಿಸಿದ. ಸರಿಯಾಗಿ ಬಂದ್ ಮಾಡದ ಸಿಲಿಂಡರಿನಿಂದ ಗ್ಯಾಸು ಭಾನುವಾರವಿಡೀ ಒಳಗೆ ಸೋರಿತ್ತು. ಒಂದು ಸಲ ಮೂಸಿದ. ಎರಡನೆಯ ಸಲಕ್ಕೆ ಕಾಲುಗಳು ಸ್ಟೂಲಿನಿಂದ ಮೇಲೆದ್ದವು. ಬೀರಪ್ಪ ಬೆಲ್ಟು ಹಿಡಿದು ಎಳೆಯದಿದ್ದರೆ ಗೋಣಿಚೀಲದ ಹಾಗೆ ಒಳಗೆ ಬೀಳುತ್ತಿದ್ದ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟವನಿಗೆ ಎಲ್ಲಿಲ್ಲದ ಸಿಟ್ಟು. "ಯಾಕೋ ಎಳೆದೆ? ಇನ್ನೂ ಮೂಸ್ತಾ ಇದ್ದೆ!"

"ಎಚ್ಚರ ತಪ್ಪಿತ್ತು ನಿನಗೆ."

"ನನಗಾ? ಯಾವಾಗ? ಬಿಡು, ಇನ್ನೊಂದ್ಸಲ ಮೂಸಿ ತೋರಿಸ್ತೀನಿ."

ಬೀರಪ್ಪ ಅವನನ್ನು ಒತ್ತಿ ಕೂರಿಸಿದ. ಬಾವಿಗೆ ಇಳಿಯುವವರು ಮಾಡುವಂತೆ, ಕರೆಂಟು ಹೋದಾಗ ಹಚ್ಚುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಟ್ಯಾಂಕಿನೊಳಗೆ ಇಳಿಬಿಟ್ಟ. ಮೇಲೆಳೆದಾಗ ದೀಪ ಆರಿತ್ತು.

"ಎಣ್ಣೆ ಇಲ್ಲ," ಎಂದ ಹಮೀದ್.

ಬೀರಪ್ಪ ಎಣ್ಣೆ ಕುಲುಕಿ ತೋರಿಸಿ, ಮತ್ತೆ ಹಚ್ಚಿ ಇಳಿಸಿದ. ಮತ್ತೆ ಆರಿತು.

"ಗಾಳಿಗೆ ಆರಿದೆ."

"ಒಳಗೆ ಅದೇ ಇಲ್ಲ ಅಂತ ತಾನೇ ಇಷ್ಟು ದಿನ ಹೇಳಿದ್ದು!"

ಹಮೀದ್ ಆರಿದ ಬತ್ತಿಯನ್ನೇ ನೋಡುತ್ತ ಕುಳಿತ. ಸತ್ತೇ ಹೋಗಿದ್ದರೂ ತನಗೆ ಗೊತ್ತಾಗುತ್ತಿರಲಿಲ್ಲವಲ್ಲ ಎಂದು ಅವನಿಗೆ ಜೀವಮಾನದಲ್ಲೇ ಆಗದಷ್ಟು ಹೆದರಿಕೆಯಾಯಿತು.

ಆ ಸಂಜೆ ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬಂದ. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಯವರೆಗೂ ಹಬ್ಬಿತ್ತು.

"ಇವತ್ತು ಏನು ಅಡುಗೆ?" ಎಂದು ಮೆತ್ತಗೆ ಕೇಳಿದ.

ಅಖ್ತರ್ ಬೀ ಸೌಟು ಅಲ್ಲೇ ಬಿಟ್ಟು ಓಡಿಬಂದು ಅವನ ಹಣೆ ಮುಟ್ಟಿ ನೋಡಿದಳು. "ಯಾ ಅಲ್ಲಾ! ಏನಾಯ್ತ್ರೀ ನಿಮಗೆ?"