ಮೂರನೆಯ ಸಲ ಕೇಳುವವರೆಗೆ

ಗುನ್ವೋರ್‌ಳ ಕಾಲಿಗೆ ಚಕ್ರ ಕಟ್ಟಿದೆ ಎಂದು ನಮ್ಮ ಫೆರಿಯಲ್ಲಿ ಎಲ್ಲರೂ ಹೇಳುತ್ತಾರೆ. ಕಾರುಗಳನ್ನು ಹತ್ತಿಸಿ, ಸರಪಳಿ ಎಳೆದು, ಗೇಟು ಹಾಕಿ ಮೇಲೆ ಬಂದರೆ ಒಂದು ಗುಟುಕು ಕಾಫಿ. ಆಮೇಲೆ ಕಿಟಕಿಯ ಹತ್ತಿರ, ಬಾಗಿಲ ಹತ್ತಿರ, ಮತ್ತೆ ಕೆಳಗೆ. ರಜೆಯ ದಿನವೂ ನೆಮ್ಮದಿಯಿಲ್ಲ. ದೋಣಿಕಟ್ಟೆಗೆ ಬಂದು, ಫೆರಿ ಹೊತ್ತಿಗೆ ಸರಿಯಾಗಿ ಬಂತೋ ಇಲ್ಲವೋ ನೋಡಿಕೊಂಡು ಹೋಗುತ್ತಾಳೆ. ಫ್ಯೋರ್ಡ್ ಎಂಬ ಈ ಕಡಲ ಕವಲಿನ ಈ ದಡದಿಂದ ಆ ದಡ, ಆ ದಡದಿಂದ ಈ ದಡ. ಹೀಗೇ ಅವಳ ತಲೆ ಅರ್ಧ ನರೆತಿತ್ತು.

ನಾನು ಮಾಗ್ನಿ. ಅದೇ ಫೆರಿಯ ಮೇಲಂತಸ್ತಿನಲ್ಲಿ ಕಾವಲಿಯ ಮುಂದೆ ನಿಂತು ಸ್ವೇಲೆ ಸುಡುತ್ತೇನೆ. ಕಂದು ಚೀಸ್ ಇಟ್ಟು ಮಡಚಿದ ಈ ಮೆತ್ತನೆಯ ರೊಟ್ಟಿ ತಿನ್ನದೆ ನಮ್ಮ ಕಡೆಯವರು ನೀರು ದಾಟುವುದಿಲ್ಲ. ನನ್ನ ಕಿಟಕಿಯಿಂದ ದೋಣಿಕಟ್ಟೆಯೂ ಅಲ್ಲಿ ಬಾಗಿಲು ಮುಚ್ಚಿಕೊಂಡಿರುವ ಹಳೆಯ ಅಂಗಡಿಯೂ ಕಾಣುತ್ತವೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು.

ಒಂದು ದಿನ ಕಾವಲಿ ಕೆರೆಯಲು ಕೈ ಜೋಡಿಸಿದ ಗುನ್ವೋರ್ ಇದ್ದಕ್ಕಿದ್ದಂತೆ ಅಂದಳು, "ಮಾಗ್ನಿ, ನಂಗೆ ಮೇಲೆ ಹೋಗ್ಬೇಕು ಕಣೇ."

"ಇಷ್ಟು ಬೇಗ ಯಾಕೆ ಸಾಯ್ತೀಯ?"

"ಥೂ ನಿನ್ನ! ಚುಕ್ಕಾಣಿ ಹಿಡಿಯೋಕೆ. ಕೆಳಗೆ ನಿಂತು ಕೈ ಬೀಸಿ ಬೀಸಿ ಸಾಕಾಯ್ತು. ಎಲ್ರನ್ನೂ ಮುಂದೆ ಹೋಗಿ ಅಂತೀನಿ, ನಾನು ಮಾತ್ರ ನಿಂತಲ್ಲೇ ನಿಂತಿದ್ದೀನಿ."

ಹೇಳಿದ್ದು ಅದೊಂದೇ ಸಲ. ಆದರೆ ನನಗೆ ಆಗಲೇ ಗೊತ್ತಿತ್ತು. ಗಾಳಿಯಿಲ್ಲದ ದಿನಗಳಲ್ಲಿ ನಮ್ಮ ಕಪ್ತಾನ ಅನ್ಫಿನ್ ಅವಳ ಕೈಗೆ ಚುಕ್ಕಾಣಿ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದ. ಹೊಗಳುವ ಜಾತಿಯವನಲ್ಲ ಅವನು. ಒಮ್ಮೆ ಅವಳು ಹಡಗನ್ನು ಮೆತ್ತಗೆ ಕಟ್ಟೆಗೆ ತಾಗಿಸಿದಾಗ "ಪರವಾಗಿಲ್ಲ" ಎಂದನಂತೆ. ನಮ್ಮಲ್ಲಿ ಅದು ಪದಕ ಕೊಟ್ಟ ಹಾಗೆ. ಅವತ್ತಿಡೀ ಗುನ್ವೋರ್ ನೆಲದ ಮೇಲೆ ಕಾಲಿಡಲಿಲ್ಲ.

ಆದರೆ ಅನ್ಫಿನ್‌ನ "ಪರವಾಗಿಲ್ಲ"ದಿಂದ ಲೈಸೆನ್ಸ್ ಬರುವುದಿಲ್ಲವಲ್ಲ. ಅದಕ್ಕೆ ಪಟ್ಟಣದ ನಾವಿಕ ಶಾಲೆಗೆ ಹೋಗಿ ಓದಬೇಕು. ಕಂಪನಿ ಪ್ರತಿ ವರ್ಷ ಒಬ್ಬರನ್ನು ಸಂಬಳ ಕೊಟ್ಟು ಕಳಿಸುತ್ತಿತ್ತು. ಈ ಸಲದ್ದೇ ಕೊನೆ. ಮುಂದಿನ ವರ್ಷ ನಮ್ಮ ಫೆರಿ ಓಡುವ ದಾರಿ ಬೇರೆ ಕಂಪನಿಯ ಕೈಗೆ ಹೋಗುತ್ತದೆ, ಅವರದು ಏನು ಕಥೆಯೋ.

ಹಾಗಾದರೆ ಬಾಯಿಬಿಟ್ಟು ಕೇಳಬಾರದಿತ್ತೇ? ಅಲ್ಲೇ ಇರುವುದು ನಮ್ಮ ರೋಗ! ಚಿಕ್ಕಂದಿನಲ್ಲಿ ನೆರೆಮನೆಯವರು "ಕೇಕ್ ತಗೋ ಮಗಾ" ಎಂದಾಗ ಗುನ್ವೋರ್ ಥಟ್ಟನೆ ಕೈ ಚಾಚಿದ್ದಳು. ಅವಳಮ್ಮ ದರದರ ಮನೆಗೆ ಎಳೆದುಕೊಂಡು ಬಂದು, "ಕಾಣದೇ ಇದ್ದವರ ಹಾಗೆ ಮೊದಲ್ನೇ ಸಲಕ್ಕೇ ತಗೋತೀಯಾ? ಮಾನ ಕಳೆದೆ!" ಎಂದು ಬೈದಿದ್ದಳು. ನಮ್ಮ ಕಡೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ, ಅಯ್ಯೋ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಒತ್ತಾಯ ಮಾಡಿದರೆ, ಸರಿ, ಒಂದು ಚೂರು. ಕೊಡುವವರಿಗೂ ಇದು ಗೊತ್ತು, ತಗೊಳ್ಳುವವರಿಗೂ ಗೊತ್ತು. ಗೊತ್ತಿಲ್ಲದವರು ಪಟ್ಟಣದವರು ಮಾತ್ರ.

ನಮ್ಮ ಮ್ಯಾನೇಜರ್ ಹೆನ್ನಿಂಗ್ ಪಟ್ಟಣದವನು. ಒಳ್ಳೆಯವನೇ. ವರ್ಷಕ್ಕೊಮ್ಮೆ ಫೆರಿ ಹತ್ತಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಏನು ಕಲಿಯಬೇಕು, ಎಲ್ಲಿಗೆ ಬೆಳೆಯಬೇಕು ಎಂದು ಕೇಳುತ್ತಾನೆ. ಗುನ್ವೋರ್ ಪ್ರತಿ ವರ್ಷ "ನಂಗೇನು, ಚೆನ್ನಾಗೇ ಇದ್ದೀನಿ" ಎನ್ನುತ್ತಿದ್ದಳು. ಅವನು ಅದನ್ನು ಹಾಗೇ ನಂಬುತ್ತಿದ್ದ.

ಈ ಸಲ ಅವನು ಬಂದ ದಿನ ಗುನ್ವೋರ್ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ. ನನ್ನ ಕೌಂಟರಿನ ಎದುರಿನ ಮೇಜಿನ ಹತ್ತಿರವೇ ಇಬ್ಬರೂ ಕೂತರು. ನನ್ನ ಕಿವಿ ಅಲ್ಲೇ ಇತ್ತು.

"ಶಾಲೆಯ ಸೀಟು ಇದೊಂದೇ ಉಳಿದಿರೋದು, ಗುನ್ವೋರ್. ನಿಮಗೆ ಬೇಕಾ?"

ಕೇಳಿಯೇಬಿಟ್ಟ!

"ಅಯ್ಯೋ, ನಂಗ್ಯಾಕೆ?" ಎಂದಳು ಆ ಪುಣ್ಯಾತ್ಗಿತ್ತಿ. "ಚಿಕ್ಕವರು ಬೇಕಾದಷ್ಟು ಜನ ಇದ್ದಾರಲ್ಲ."

"ಹಾಗಾದ್ರೆ ಸರಿ. ಇನ್ನೊಂದು ಫೆರಿಯವರನ್ನ ಕೇಳ್ತೀನಿ."

ಅಷ್ಟೇ, ಮುಗಿಯಿತು! ಗುನ್ವೋರ್‌ಳ ಕುತ್ತಿಗೆ ಕೆಂಪಗಾಯಿತು. ಎದ್ದು ಕೆಳಗೆ ಹೋದಳು. ಅವಳು ಸರಪಳಿಯನ್ನು ಎಳೆದಾಡುವ ಸದ್ದು ಮೇಲಿನವರೆಗೂ ಕೇಳಿಸಿತು. ನನಗೆ ಇಬ್ಬರ ಮೇಲೂ ಮೈ ಉರಿದುಹೋಯಿತು. ಅವಳ ಆಸೆಯನ್ನು ನಾನು ಅವನಿಗೆ ಹೇಳಿದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಸುಮ್ಮನಿದ್ದರೆ ಅವಳು ಸಾಯುವವರೆಗೂ ಕೈ ಬೀಸುತ್ತಾಳೆ. ಅಷ್ಟರಲ್ಲಿ ಹೆನ್ನಿಂಗ್ ಖಾಲಿ ತಟ್ಟೆ ತಂದಿಟ್ಟ.

"ಇನ್ನೊಂದು ಸ್ವೇಲೆ ಕೊಡ್ಲಾ?" ಎಂದೆ.

"ಬೇಡ, ಹೊಟ್ಟೆ ತುಂಬಿದೆ."

"ಬಿಸಿಬಿಸಿ ಇದೆ."

"ಅಯ್ಯೋ, ಬೇಡ ಬಿಡಿ."

"ಒಂದೇ ಒಂದು. ನನ್ನ ಮಾತಿಗೋಸ್ಕರ."

"ಸರಿ, ಕೊಡಿ ಮತ್ತೆ," ಎಂದು ನಕ್ಕು ತೆಗೆದುಕೊಂಡ. ಅರ್ಧ ಬಾಯಿಗೆ ಹೋಗುವವರೆಗೆ ಕಾದೆ.

"ಈಗ ತಾನೇ ಬೇಡ ಅಂದ್ರಲ್ಲ?"

"ನೀವು ಬಿಡ್ಲಿಲ್ವಲ್ಲ!"

"ಮತ್ತೆ ನೀವು ಅವಳನ್ನ ಯಾಕೆ ಬಿಟ್ರಿ?"

ಅವನ ದವಡೆ ನಿಂತಿತು. "ಬೇಡ ಅಂದವರನ್ನ ಒತ್ತಾಯ ಮಾಡೋದು ಮರ್ಯಾದೆ ಅಲ್ಲ..."

"ಅದು ನಿಮ್ಮೂರಿನ ಮರ್ಯಾದೆ. ನಮ್ಮೂರಲ್ಲಿ ಒಂದೇ ಸಲ ಕೇಳಿ ಎದ್ದು ಹೋಗೋದು ಅಂದ್ರೆ, ಕೊಡೋಕೆ ಮನಸ್ಸಿಲ್ಲ ಅಂತ. ತಿಂದು ಮುಗಿಸಿ, ಕಟ್ಟೆ ಬಂತು."

ಮುಗಿಸಲಿಲ್ಲ. ಸ್ವೇಲೆ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದ. ನಾನು ಕಾವಲಿ ಆರಿಸಿ ಕಂಬಿಯ ಹತ್ತಿರ ಓಡಿ ಬಗ್ಗಿ ನೋಡಿದೆ. ಕಾರುಗಳ ನಡುವೆ ನುಸುಳಿ ಅವಳೆದುರು ನಿಂತು ಏನೋ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. "ಈ ವಯಸ್ಸಲ್ಲಿ ಓದೋದಾ? ನಿಮಗ್ಯಾಕೆ ಸುಮ್ನೆ ತೊಂದರೆ," ಎಂಬುದಷ್ಟು ಕೇಳಿಸಿತು. ಫೆರಿ ಕಟ್ಟೆಗೆ ತಾಗಿತು, ಗೇಟು ತೆರೆಯಿತು. ಅವನು ತನ್ನ ಕಾರಿಗೆ ಹೋಗಿ ಕೂತ. ಸಾಲಿನಲ್ಲಿ ಅವನದೇ ಮೊದಲು.

ಗುನ್ವೋರ್ ಕೈ ಬೀಸಿದಳು. ಕಾರು ಅಲುಗಲಿಲ್ಲ. ಮತ್ತೆ ಬೀಸಿದಳು. ಹಿಂದಿನವರು ಹಾರ್ನ್ ಒತ್ತತೊಡಗಿದರು, ಮೀನಿನ ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಲ್ಲೇ ಮನೆ ಕಟ್ತೀಯೇನಯ್ಯಾ?" ಎಂದು ಕೂಗಿದ. ಹೆನ್ನಿಂಗ್ ಗಾಜು ಇಳಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದ:

"ನೀವು ಹೋಗ್ಲೇಬೇಕು, ಗುನ್ವೋರ್. ಹೂಂ ಅನ್ನೋವರೆಗೂ ಈ ಕಾರು ಕದಲೋದಿಲ್ಲ."

ಅವಳ ಕೈ ಮೇಲೆತ್ತಿದ್ದು ಹಾಗೇ ಇತ್ತು. ಆಮೇಲೆ, ಯಾರಿಗೋ ಉಪಕಾರ ಮಾಡುವವಳ ಧಾಟಿಯಲ್ಲಿ, "ಬೇರೆ ಯಾರೂ ಸಿಗ್ಲಿಲ್ಲ ಅಂದ್ರೆ... ನಾನೇ ಹೋಗ್ತೀನಿ ಬಿಡಿ," ಎಂದಳು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು ತೋಳಿನಿಂದ ಒರೆಸಿಕೊಂಡಳು. ನಾನು ಮೇಲಿನಿಂದ ಅತ್ತೆ, ನಾಚಿಕೆಯೇನಿಲ್ಲ.

ಫೆರಿ ವಾಪಸು ಹೊರಟ ಮೇಲೆ ಅವಳು ಬಂದು ಸ್ಟೂಲ್ ಎಳೆದು ಕೂತಳು. ಇಡೀ ಲೋಟ ಕಾಫಿ ಕುಡಿದಳು. ನಾನು ಕಾವಲಿ ಹೊತ್ತಿಸಿ ಹಿಟ್ಟು ಹುಯ್ದೆ. ಕಣ್ಣು ಅಭ್ಯಾಸದಂತೆ ಕಿಟಕಿಯಾಚೆ ಹೋಯಿತು.

"ಮಾಗ್ನಿ," ಎಂದಳು. "ಆ ಮುಚ್ಚಿದ ಅಂಗಡೀನ ದಿನಾ ನೋಡ್ತೀಯಲ್ಲ. ತಗೊಂಡು ಸ್ವಂತದ್ದು ಶುರು ಮಾಡ್ಬಾರ್ದಾ?"

"ನಂಗ್ಯಾಕೆ ಮಾರಾಯ್ತಿ? ಇಲ್ಲೇ ಚೆನ್ನಾಗಿದ್ದೀನಿ." ನಾಲಿಗೆ ನನ್ನನ್ನು ಕೇಳದೆಯೇ ಅಂದುಬಿಟ್ಟಿತ್ತು.

"ನಿಜ ಹೇಳು. ಬೇಡ್ವಾ?"

"ಅಯ್ಯೋ, ನನ್ನ ಚಿಂತೆ ನಿನಗ್ಯಾಕೆ, ಬಿಡು."

ಸ್ವೇಲೆ ಸೀದು ವಾಸನೆ ಬರುತ್ತಿತ್ತು. ಮಗುಚಲು ಕೈ ಹೋಗಲಿಲ್ಲ. ಗುನ್ವೋರ್ ಲೋಟ ಕೆಳಗಿಟ್ಟು, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಮತ್ತೆ ಕೇಳಲು ಬಾಯಿ ತೆರೆದಳು.