ಅಕ್ಕಲಕೋಟೆಯ ಹಿತ್ತಾಳೆ ವಾಲ್ವ್

೧೯೩೪ರ ಬೇಸಿಗೆ. ಆಗ ನಾನು ಸೊಲ್ಲಾಪುರದಲ್ಲಿ ಮಂಜುಗಡ್ಡೆ ಮಾಡುವ ಒಂದು ಬರ್ಫ್ ಕಾರ್ಖಾನೆಯಲ್ಲಿ ಹೆಡ್ ಫಿಟರ್ ಆಗಿದ್ದೆ. ಸುತ್ತಲಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಬಂದಿದ್ದ ತಂಪಿನ ಯಂತ್ರಗಳ ದುರಸ್ತಿಯೂ ನನ್ನ ಕೊರಳಿಗೇ ಬಿದ್ದಿತ್ತು. ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ನಿಲ್ಲುವ ಈಗಿನ ಬಿಳಿ ಪೆಟ್ಟಿಗೆಯನ್ನು ನೆನೆಸಿಕೊಳ್ಳಬೇಡಿ. ನಾನು ಕೆಲಸ ಮಾಡುತ್ತಿದ್ದ ರೆಫ್ರಿಜರೇಟರ್ ಎಂದರೆ ಒಂದು ಕೋಣೆ ತುಂಬುವ ಸಂಸಾರ: ಆಯಿಲ್ ಇಂಜಿನ್, ಅದರ ಪಟ್ಟಾದಿಂದ ತಿರುಗುವ ಕಂಪ್ರೆಸರ್, ನೀರಿನ ತೊಟ್ಟಿಯಲ್ಲಿ ಮುಳುಗಿದ ಕೊಳವೆಗಳು, ಅವುಗಳ ಒಳಗೆ ಅಮೋನಿಯಾ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ನೀರು ಅದನ್ನು ತಣಿಸಿ ದ್ರವ ಮಾಡುತ್ತದೆ. ಆ ದ್ರವ ಎಕ್ಸ್‌ಪ್ಯಾನ್ಶನ್ ವಾಲ್ವ್ ಎಂಬ ಕಿರಿದಾದ ಬಾಯಿಯಿಂದ ತಂಪಿನ ಪೆಟ್ಟಿಗೆಯ ಸುರುಳಿಗೆ ನುಗ್ಗಿ ಆವಿಯಾಗುವಾಗ ಸುತ್ತಲಿನ ಶಾಖವನ್ನೆಲ್ಲ ಹೀರುತ್ತದೆ. ಕೆಲಸ ಇಷ್ಟೇ. ಆದರೆ ಅದೇ ಅಮೋನಿಯಾ ಹೊರಬಿದ್ದರೆ ಕಣ್ಣು ಸುಡುತ್ತದೆ, ಎದೆ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಸಿಕ್ಕವರು ಬದುಕುವುದು ಕಷ್ಟ.

ಅಕ್ಕಲಕೋಟೆಯ ಚೆನ್ನಬಸಪ್ಪ ಸಾವುಕಾರರು ತಮ್ಮ ಹಳೆಯ ವಾಡೆಯ ಹಿಂಬದಿಯಲ್ಲಿ ಇಂಥದೊಂದು ಯಂತ್ರ ಕೂಡಿಸಿದ್ದರು. ಮದುವೆ ಹಂಗಾಮಿನಲ್ಲಿ ಬರ್ಫ್ ಮಾರುತ್ತಿದ್ದರು, ಮನೆಯ ಹಾಲು ಬೆಣ್ಣೆಯೂ ಅದರಲ್ಲೇ ಇರುತ್ತಿತ್ತು. ಏಪ್ರಿಲ್‌ನಲ್ಲಿ ಅವರಿಂದ ಚೀಟಿ ಬಂತು: ತಂಪು ಹಿಡಿಯುತ್ತಿಲ್ಲ, ಹಾಲು ಒಡೆಯುತ್ತಿದೆ. ಗ್ಯಾಸಿನ ಸಿಲಿಂಡರ್ ಹೇರಿಕೊಂಡು ರೈಲಿನಲ್ಲಿ ಅಕ್ಕಲಕೋಟೆ ರೋಡಿಗೆ ಹೋಗಿ, ಅಲ್ಲಿಂದ ಟಾಂಗಾದಲ್ಲಿ ವಾಡೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ಯಂತ್ರದ ಕೋಣೆಗೆ ಕಾಲಿಟ್ಟ ಕೂಡಲೇ ಗಂಜಲದ ವಾಸನೆ ಬಡಿಯಿತು. ಗೋಡೆಯಾಚೆಯೇ ಎಮ್ಮೆಗಳ ಕೊಟ್ಟಿಗೆ ಇತ್ತು. ಅಮೋನಿಯಾದ ವಾಸನೆಯೂ ಹೆಚ್ಚುಕಡಿಮೆ ಅದೇ ಎಂಬುದು ನನಗೆ ಗೊತ್ತಿರದ ಮಾತಲ್ಲ. ಆದರೂ ಎಮ್ಮೆಯ ತಲೆಗೆ ಕಟ್ಟಿ ಮುಂದೆ ನಡೆದೆ. ಮೇಲಿನ ಹಲಗೆಯ ಅಟ್ಟದಿಂದ ಕೂಸಿನ ಅಳು ಕೇಳಿಸುತ್ತಿತ್ತು. ಸೊಸೆ ಹಡೆದು ಎಂಟು ದಿನ ಆಗಿದೆಯೆಂದೂ ಬಾಣಂತಿ ಕೋಣೆ ಮೇಲೆಯೇ ಇದೆಯೆಂದೂ ಸಾವುಕಾರರು ಖುಷಿಯಿಂದ ಹೇಳಿದರು.

ತಂಪು ಕಡಿಮೆಯಾದರೆ ನೋಡುವ ಕ್ರಮ ಒಂದಿದೆ. ಮೊದಲು ಪೆಟ್ಟಿಗೆಯ ಬಾಗಿಲು ಬಿಗಿಯಾಗಿ ಕೂಡುತ್ತದೆಯೇ ಎಂದು ನೋಡಬೇಕು, ಕೂಡುತ್ತಿತ್ತು. ತೊಟ್ಟಿಯ ನೀರು ಹರಿಯುತ್ತಿದೆಯೇ, ಹರಿಯುತ್ತಿತ್ತು. ಆಮೇಲೆ ಸುರುಳಿ. ಅದರ ತುಂಬ ಹಿಮ ಹಿಡಿದಿರಬೇಕು. ಇಲ್ಲಿ ವಾಲ್ವ್ ಮತ್ತು ಅದರ ಮುಂದಿನ ಒಂದು ಮೊಳ ಮಾತ್ರ ಬಿಳಿ ಹಿಮದಲ್ಲಿ ಮುಚ್ಚಿಹೋಗಿತ್ತು, ಉಳಿದದ್ದೆಲ್ಲ ಒಣಗಿ ನಿಂತಿತ್ತು. ಅಂದರೆ ಗ್ಯಾಸ್ ಕಡಿಮೆ. ಗ್ಯಾಸ್ ದೀಪದ ಎಣ್ಣೆಯಂತೆ ಉರಿದು ಮುಗಿಯುವುದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಗಂಧಕದ ಬತ್ತಿ ಹಚ್ಚಿ ಕಂಪ್ರೆಸರ್ ಸುತ್ತ ಹಿಡಿದೆ. ಅಮೋನಿಯಾ ಸೋರುವಲ್ಲಿ ಅದರ ಹೊಗೆ ದಟ್ಟ ಬೆಳ್ಳಗಾಗುತ್ತದೆ. ಶಾಫ್ಟ್ ಹೊರಬರುವಲ್ಲಿ ಗ್ಯಾಸ್ ತಡೆಯುವ ಗ್ಲ್ಯಾಂಡಿನ ಹತ್ತಿರ ಒಂದಿಷ್ಟು ಬೆಳ್ಳಗಾಯಿತು. ಸಿಕ್ಕಿತಲ್ಲ ಎಂದು ಗ್ಲ್ಯಾಂಡ್ ಬಿಗಿ ಮಾಡಿ, ಬತ್ತಿ ಆರಿಸಿ, ಸಿಲಿಂಡರ್ ಜೋಡಿಸಿ ಹೊಸ ಗ್ಯಾಸ್ ತುಂಬಿದೆ. ಒಂದು ಸೋರಿಕೆ ಸಿಕ್ಕ ಮಾತ್ರಕ್ಕೆ ಇನ್ನೊಂದು ಇರಲಾರದು ಎಂದು ನನಗೆ ಯಾರು ಹೇಳಿದ್ದರೋ. ನಾಲ್ಕು ಗಂಟೆಯ ಹೊತ್ತಿಗೆ ಸುರುಳಿಯ ಅರ್ಧದವರೆಗೆ ಹಿಮ ಹತ್ತಿತು. ಸಾವುಕಾರರು ಚಹಾ ತರಿಸಿದರು.

ಚಹಾ ತಂದವಳು ಮನೆಗೆಲಸದ ಕಾಶವ್ವ. ಬಟ್ಟಲು ಕೊಟ್ಟ ಮೇಲೂ ಅಲ್ಲೇ ನಿಂತಳು. ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಮಿಸ್ತ್ರಿಯಾರ, ಆ ಹಿತ್ತಾಳಿ ಗಡ್ಡಿ ಎಷ್ಟ ತಿಕ್ಕಿದ್ರೂ ಮೂರ ದಿನಕ್ಕ ಮತ್ತ ನೀಲಿ ಆಗ್ತದ್ರಿ. ಹುಣಸಿಹಣ್ಣಾ ಮುಗದ್ ಹೋತು. ಅದಕ್ಕೇನರ ಔಷಧ ಐತೇನ್ರಿ?"

"ಯಾವ ಹಿತ್ತಾಳಿಬೇ?" ಎಂದೆ. ಆ ಯಂತ್ರದಲ್ಲಿ ಹಿತ್ತಾಳೆ ಇರಲಿಲ್ಲ. ಇರಲೂ ಬಾರದು.

ಅವಳು ಹಿಮದ ಗಡ್ಡೆಯಾಗಿದ್ದ ವಾಲ್ವಿನ ಕಡೆಗೆ ಕೈ ತೋರಿಸಿದಳು. ಬೆರಳಿನಿಂದ ಹಿಮ ಕೆರೆದೆ: ಒಳಗೆ ಹಿತ್ತಾಳೆ.

ಅಮೋನಿಯಾ ಕಬ್ಬಿಣ, ಉಕ್ಕುಗಳನ್ನು ಏನೂ ಮಾಡುವುದಿಲ್ಲ. ತಾಮ್ರವಿರುವ ಲೋಹ ಸಿಕ್ಕರೆ ತಿನ್ನುತ್ತದೆ. ಮೇಲೆ ನೀಲಿ ಬಣ್ಣ ಏಳುತ್ತದೆ, ಒಳಗೆ ಕೂದಲೆಳೆಯಂಥ ಬಿರುಕು ಓಡುತ್ತದೆ. ಒಂದು ದಿನ ಗಡಿಗೆಯ ಹಾಗೆ ಒಡೆದುಬಿಡುತ್ತದೆ. ನೀಲಿ ಅದರ ಎಚ್ಚರಿಕೆ. ಈ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲೇ, ಪೂಜೆಗೆ ಮುಂಚೆ ಹಿತ್ತಾಳೆಯನ್ನೆಲ್ಲ ಹುಣಸೆ ಹಚ್ಚಿ ಬೆಳಗುವ ರೂಢಿ. ಬಂದ ಎಚ್ಚರಿಕೆಯನ್ನು ವಾರ ವಾರವೂ ತಿಕ್ಕಿ ಥಳಥಳ ಮಾಡಿಬಿಟ್ಟಿದ್ದರು.

ಸಾವುಕಾರರನ್ನು ಕೇಳಿದೆ. ಮಾಘದಲ್ಲಿ ಉಕ್ಕಿನ ವಾಲ್ವ್ ಕೆಟ್ಟಿತ್ತಂತೆ. ಮುಂಬಯಿಯಿಂದ ಬರಲು ಆರು ವಾರ ಆಗುತ್ತದೆಂದು, ಅದೇ ಅಳತೆಗೆ ಇಲ್ಲಿಯೇ ಎರಕ ಹೊಯ್ಯಿಸಿದ್ದರು.

"ದೇವರ ನೈವೇದ್ಯದ ಹಾಲು ಇಡೂ ಪೆಟ್ಟಿಗಿ. ತುಕ್ಕ ಹಿಡಿಯೂ ಕಬ್ಬಣ ಯಾಕ, ಹಿತ್ತಾಳಿ ಚೊಕ್ಕ ಅಂತ ಅವ್ವ ಅಂದ್ಲು. ಚೂಡಿ ಬರೋಬರ್ ಕುಂತಿತ್ತಲ್ರಿ," ಎಂದರು. ಚೂಡಿ ಅಂದರೆ ತಿರುಪಿನ ಸುತ್ತು. ಸುತ್ತು ಸರಿಯಾಗಿ ಕೂತಿತ್ತು, ನಿಜ.

ಈಗ ಇಂಜಿನ್ ನಿಲ್ಲಿಸುವಂತಿರಲಿಲ್ಲ. ಯಂತ್ರ ಓಡುವಷ್ಟು ಹೊತ್ತು ಸುರುಳಿಯ ಕಡೆ ಒತ್ತಡ ಕಡಿಮೆ ಇರುತ್ತದೆ. ನಿಂತರೆ ಆ ಬಿಸಿಲಿಗೆ ಸರ್ರನೆ ಏರುತ್ತದೆ. ಅದರ ಮೇಲೆ ನಾನೇ ಸಿಲಿಂಡರಿನ ಗ್ಯಾಸ್ ತುಂಬಿಟ್ಟಿದ್ದೆ. ದಾರಿ ಒಂದೇ: ದ್ರವ ಶೇಖರವಾಗುವ ರಿಸೀವರಿನ ಬಾಯಿ ಮುಚ್ಚಿ, ಇಂಜಿನ್ ಓಡಿಸುತ್ತ ಸುರುಳಿಯಲ್ಲಿದ್ದ ಗ್ಯಾಸನ್ನೆಲ್ಲ ವಾಪಸ್ ಎಳೆದು ರಿಸೀವರಿನಲ್ಲಿ ಕೂಡಿಹಾಕಬೇಕು. ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಒಡೆದರೆ? ಅಮೋನಿಯಾದ ಆವಿ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ಮೇಲೆ ಹಲಗೆ, ಹಲಗೆಯ ಮೇಲೆ ತೊಟ್ಟಿಲು.

ರಿಸೀವರ್ ಮುಚ್ಚಿ, ಮೆಟ್ಟಿಲು ಹತ್ತಿ ಓಡಿದೆ. ಸಾವುಕಾರರ ತಾಯಿ ಬಾಗಿಲಿಗೆ ಅಡ್ಡ ಕೂತಿದ್ದರು. ಒಳಗೆ ಕಿಟಕಿಯ ಸಂದಿಗಳಿಗೆಲ್ಲ ಅರಿವೆ ತುರುಕಿತ್ತು, ಅಗ್ಗಿಷ್ಟಿಕೆಯಲ್ಲಿ ಓಮಕಾಳಿನ ಹೊಗೆ.

"ಬಾಣಂತೀನ ಈಗಿಂದೀಗ ಅಂಗಳಕ್ಕ ಕರಕೊಂಡ್ ನಡೀರಿ ಅವ್ವಾರ," ಎಂದೆ.

"ಹನ್ನೆರಡು ದಿನ ಆಗಿಲ್ಲ. ಗಾಳಿ ಸೋಕಿದ್ರ ಸನ್ನಿ ಆಗ್ತದ. ನಿನಗೇನ್ ತಿಳೀತದೋ ಹೆಣಮಕ್ಕಳದು," ಎಂದರು ಮುದುಕಿ. ಅಲುಗಲಿಲ್ಲ.

"ಕೆಟ್ಟ ಗಾಳಿ ಈ ಹಲಿಗಿ ಸಂದ್ಯಾಗಿಂದ ಬರತದ್ರಿ. ಬಂದ್ರ ಕೂಸು ಎರಡು ಉಸಿರೂ ತಡ್ಯಾಂಗಿಲ್ಲ."

ನನಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಅದು ಮುಖದಲ್ಲಿ ಕಂಡಿರಬೇಕು. ಒಳಗಿನಿಂದ ಸೊಸೆ ತಾನೇ ಕೂಸನ್ನು ಎತ್ತಿಕೊಂಡು ಎದ್ದು ಬಂದಳು. ಆಮೇಲೆ ಮುದುಕಿಯೇ ಎದ್ದು ಅವಳ ತಲೆಗೆ ಕಂಬಳಿ ಹೊದಿಸಿ, ರಟ್ಟೆ ಹಿಡಿದು ಇಳಿಸಿದರು. ಬೆಚ್ಚಗಿನ ಕೋಣೆ ಆರದಿರಲೆಂದು ಹೋಗುವಾಗ ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡರು.

ನಾನು ಕೆಳಗೆ ಬಂದು ಒದ್ದೆ ಗೋಣಿಚೀಲಗಳನ್ನು ವಾಲ್ವಿನ ಮೇಲೆ ಹೊದಿಸಿದೆ. ಅಮೋನಿಯಾವನ್ನು ನೀರು ಹೀರಿಕೊಳ್ಳುತ್ತದೆ. ಸಾವುಕಾರರು ಎಮ್ಮೆಗಳನ್ನು ಬಿಚ್ಚಿಸಿದರು. ಗೇಜಿನ ಮುಳ್ಳು ನಿಧಾನಕ್ಕೆ ಇಳಿಯುತ್ತಿತ್ತು. ಕಾಲು ಗಂಟೆ ಕಳೆದಿರಬೇಕು, ಇಂಜಿನ್ನಿನ ಸದ್ದಿನ ನಡುವೆ ಟಿಣ್ ಎಂದಿತು. ಇಷ್ಟೇ ಸದ್ದು, ಬಟ್ಟಲು ಬಿದ್ದಂತೆ. ಗೋಣಿಚೀಲದ ಕೆಳಗಿನಿಂದ ಬಿಳಿ ಮೋಡ ಎದ್ದಿತು. ಉಸಿರು ಕಟ್ಟಿ, ಕಣ್ಣು ಮುಚ್ಚಿ, ಗೋಡೆ ತಡವುತ್ತ ಅಂಗಳಕ್ಕೆ ಬಂದು ಬಿದ್ದೆ. ಕಾಶವ್ವ ಕೊಡದ ನೀರನ್ನು ಹಾಗೇ ಮುಖಕ್ಕೆ ಸುರಿದಳು. ಹೊರಗೆ ಬಂದದ್ದು ಕೊಳವೆಯಲ್ಲಿ ಉಳಿದಿದ್ದ ಗ್ಯಾಸ್ ಅಷ್ಟೇ. ಬಹುಪಾಲು ರಿಸೀವರ್ ಸೇರಿತ್ತು.

ಸೂರ್ಯ ಮುಳುಗುವ ಮುಂಚೆ ನಾನೂ ಸಾವುಕಾರರೂ ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡು ಮೇಲೆ ಹೋಗಿ ಬಾಗಿಲು ತೆಗೆದೆವು. ಮನೆಯ ಬೆಕ್ಕು ಅಗ್ಗಿಷ್ಟಿಕೆಯ ಕಾವಿಗೆಂದು ಒಳಗೇ ಉಳಿದುಬಿಟ್ಟಿತ್ತಂತೆ. ತೊಟ್ಟಿಲ ಕೆಳಗೆ ಕಾಲು ಚಾಚಿ ಸತ್ತು ಬಿದ್ದಿತ್ತು. ಸಾವುಕಾರರು ತೊಟ್ಟಿಲ ಕಟ್ಟು ಹಿಡಿದು ಬಹಳ ಹೊತ್ತು ನಿಂತರು.

ಮರುದಿನ ಹೊರಡುವಾಗ ಕಾಶವ್ವನನ್ನು ಕೇಳಿದೆ: "ಆ ನೀಲಿ ಎಂದಿನಿಂದ ಬರಾಕತ್ತಿತ್ತಬೇ?"

"ಎರಡ ತಿಂಗಳಾತ್ರಿ."

"ಮತ್ತ ಯಾರಿಗೂ ಹೇಳ್ಲಿಲ್ಲ?"

"ಯಂತ್ರದ್ದು ನನಗೇನ್ ತಿಳೀತದ ಅಂತ ಸುಮ್ಮನಿದ್ದೆ. ಯಾರೂ ಕೇಳ್ಲಿಲ್ಲಲ್ರಿ."

ಬದಲಿ ಭಾಗಕ್ಕೆ ಅಳತೆ ಹೊಂದಿದರೆ ಸಾಲದು, ಲೋಹವೂ ಹೊಂದಬೇಕು. ಗ್ಯಾಸ್ ತುಂಬುವ ಮುಂಚೆ ಹಳೆಯ ಗ್ಯಾಸ್ ಎಲ್ಲೆಲ್ಲಿಂದ ಹೋಯಿತೆಂದು ಕೊನೆಯ ಜೋಡಣೆಯವರೆಗೂ ಹುಡುಕಬೇಕು. ಇವನ್ನು ಮುಂದೆ ಕೈಕೆಳಗಿನವರಿಗೆಲ್ಲ ಕಲಿಸಿದೆ, ಪುಸ್ತಕದಲ್ಲಿಯೂ ಇವೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ. ಆ ಮಧ್ಯಾಹ್ನ ಮೂರು ಗಂಟೆಗಳ ಕಾಲ ಆ ಕೋಣೆಯಲ್ಲಿದ್ದೆ. ಸಾವುಕಾರರಿಗೆ ಹತ್ತು ಪ್ರಶ್ನೆ ಕೇಳಿದೆ. ವಾರ ವಾರವೂ ಆ ಯಂತ್ರವನ್ನು ಕೈಯಾರೆ ಮುಟ್ಟುತ್ತಿದ್ದವಳಿಗೆ ಒಂದನ್ನೂ ಕೇಳಿರಲಿಲ್ಲ.