ಸೊಸೆಯ ಕಾರು ಮಾಡುತ್ತಿದ್ದ ಸದ್ದು

ಯುಗಾದಿಗೆ ಮನೆಗೆ ಬಂದ ಸೊಸೆಯ ಕಾರು ಶ್ರಾವಣದವರೆಗೆ ಬಾಯಿ ಬಿಟ್ಟಿರಲಿಲ್ಲ. ಶ್ರಾವಣ ಮುಗಿದದ್ದೇ ಸದ್ದು ಮಾಡಲು ಹಿಡಿಯಿತು. ಗುಂಡಿ ಬಂದರೆ ಕಟಕಟ, ತಿರುವು ಬಂದರೆ ಗುಡುಗುಡು, ಬ್ರೇಕು ಹಾಕಿದರೆ ಟಕ್. ನಾನು ಹಿಂದಿನ ಸೀಟಿನವಳು. ನನ್ನ ಬೆನ್ನ ಹಿಂದೆ ಯಾರೋ ಕೂತು ಪಗಡೆ ಆಡುತ್ತಿದ್ದ ಹಾಗಿತ್ತು.

ಸೊಸೆ ಹುನಗುಂದದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬಾಗಲಕೋಟೆ ನವನಗರದ ನಮ್ಮ ಮನೆಯಿಂದ ದಿನಾ ಎರಡು ಬಸ್ಸು ಹತ್ತಿ ಇಳಿದು ಏಳು ವರ್ಷ ಓಡಾಡಿದಳು. ಆಮೇಲೆ ಡ್ರೈವಿಂಗ್ ಕಲಿತು ತನ್ನ ಪಗಾರದಲ್ಲಿ ಈ ಸಣ್ಣ ಬಿಳಿ ಕಾರು ತಂದಳು. ಮಗನಿಗೆ ಅದು ಸರಿ ಬರಲಿಲ್ಲ. ತನಗೂ ಡ್ರೈವಿಂಗ್ ಬರುತ್ತದೆ ಎಂದು ಅವನು ಹೇಳುತ್ತಾನೆ. ನಮ್ಮ ಗೇಟಿನ ಎಡಗಡೆಯ ಕಂಬವನ್ನು ಕೇಳಿದರೆ ಅದು ಬೇರೆ ಹೇಳುತ್ತದೆ.

ಸದ್ದು ಬಂದದ್ದು ಅವನಿಗೆ ಹಬ್ಬವಾಯಿತು.

"ಹೆಣ್ಣಮಕ್ಕಳು ಗುಂಡಿ ನೋಡಂಗಿಲ್ಲ, ಗುಂಡ್ಯಾಗಿನ ಆಕಾಶ ನೋಡ್ತಾರ. ಗಾಡಿ ಕೀಲು ಸಡ್ಲ ಆಗ್ಯಾವು. ನಡುದಾರ್ಯಾಗ ಗಾಲಿ ಕಳಚಿ ಬಿದ್ರ ಯಾರು ಬರ್ತಾರ?" ಎಂದ.

ಬಾದಾಮಿಯಲ್ಲಿ ನಮ್ಮ ಸಂಬಂಧದವನೊಬ್ಬನಿಗೆ ಹಳೆಯ ಕಾರು ಬೇಕಿತ್ತು. ಮಗ ಅವನಿಗೆ ಫೋನ್ ಹಚ್ಚಿ, ಬರುವ ರವಿವಾರ ಬಂದು ನೋಡಿಕೊಂಡು ಹೋಗು ಎಂದೇ ಬಿಟ್ಟ. ಹೆಂಡತಿಗೆ ಹೇಳಿದ: "ಅಷ್ಟ್ರಾಗ ಸದ್ದು ನಿಂತ್ರ ಇಟ್ಕೋ. ನಿಲ್ಲಲಿಲ್ಲಂದ್ರ ಕೊಟ್ಟು ಮೊದಲಿನಂಗ ಬಸ್ಸಿಗೆ ಹೋಗು."

ಸೊಸೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಕಾರು ಹೋದರೆ ನನಗೂ ತ್ರಾಸೇ. ಅಮಾವಾಸ್ಯೆಗೆ ಶಿವಯೋಗ ಮಂದಿರ, ನೆನಪಾದಾಗ ಇಳಕಲ್ಲಿನ ಅಕ್ಕನ ಮನೆ, ಎಲ್ಲಾ ಈ ಕಾರಿನಿಂದಲೇ. ನನ್ನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲೆಂದರೆ ಬಾದಾಮಿಯ ಗುಡ್ಡ ಹತ್ತಿದ ಹಾಗೆ.

ಸದ್ದು ಹುಡುಕುವುದು ಶುರುವಾಯಿತು. ನವನಗರದ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಕೆಳಗೆ ನಿಂತು, ಎಮ್ಮೆಯ ಕೆಚ್ಚಲು ನೋಡುವವರ ಹಾಗೆ ಕೈಯಾಡಿಸಿದ. "ಬುಷ್ ಹೋಗ್ಯಾವ್ರಿ" ಎಂದು ಏನೋ ರಬ್ಬರು ಬದಲಿಸಿದ. ಅಲ್ಲಿಯವರೆಗೆ ಸೆರಗು ಹೊದ್ದು ಬರುತ್ತಿದ್ದ ಸದ್ದು ಅಂದಿನಿಂದ ಸೆರಗು ತೆಗೆದು ಬಂತು.

ಅಮಾವಾಸ್ಯೆಗೆ ಮೂವರೂ ಶಿವಯೋಗ ಮಂದಿರಕ್ಕೆ ಹೋಗಿ ಬರುವಾಗ ಬಾದಾಮಿಯಲ್ಲಿ ಇನ್ನೊಬ್ಬ ಮೆಕ್ಯಾನಿಕ್ಕನಿಗೆ ತೋರಿಸಿದೆವು. ಅವನು ಒಳ್ಳೆಯ ಮೈಕಟ್ಟಿನವ. "ಹೊರಗ ನಿಂತು ಕೇಳಿದ್ರ ತಿಳಿಯಂಗಿಲ್ರಿ. ನಾ ಡಿಕ್ಕ್ಯಾಗ ಮಲಗತೇನಿ, ನೀವು ಹೊಡೀರಿ" ಎಂದು ಹಿಂದೆ ಸಾಮಾನು ಇಡುವ ಜಾಗದಲ್ಲಿ ಮಡಚಿಕೊಂಡು ಮಲಗಿದ. ಸೊಸೆ ಇದ್ದಬದ್ದ ಗುಂಡಿಯನ್ನೆಲ್ಲ ಹುಡುಕಿ ಹಾಯಿಸಿದಳು. ಸದ್ದೇ ಇಲ್ಲ. ಬಾಗಿಲು ತೆಗೆದರೆ ಅವನು ಬೆವರಿ ಕಡುಬಾಗಿದ್ದ.

"ಸದ್ದು ಬರಲೇ ಇಲ್ರಿ, ಟೀಚರ್."

"ಹಂಗಾದ್ರ ಇವನ್ನ ದಿನಾ ಡಿಕ್ಕ್ಯಾಗ ಹಾಕ್ಕೊಂಡು ಹೋಗು" ಎಂದ ನನ್ನ ಮಗ.

ಮೆಕ್ಯಾನಿಕ್ ಇಳಿದ ಮೇಲೆ ಬಾಗಲಕೋಟೆಯವರೆಗೆ ಕಟಕಟ ಎಂದೇ ಬಂದೆವು. ಅವನ ಹೊಟ್ಟೆ ಡಿಕ್ಕಿಯ ಎಡಗಡೆಯ ತಗಡನ್ನು ಅವುಚಿ ಹಿಡಿದಿತ್ತು, ಅದಕ್ಕೇ ಸದ್ದು ಅಡಗಿತ್ತು ಎಂದು ಆಮೇಲೆ ತಿಳಿಯಿತು. ಆವತ್ತೇ ಯಾರಾದರೂ ಎಡಗಡೆ ನೋಡಬೇಕಿತ್ತು. ನಾನೂ ನೋಡಲಿಲ್ಲ.

ಪಕ್ಕದ ಮನೆಯವಳು ದೃಷ್ಟಿ ತಾಗಿದೆ ಎಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದಳು. ತುಳಸಿಗೇರಿ ಹನುಮಪ್ಪನಿಗೆ ಎಣ್ಣೆಯೂ ಹೋಯಿತು. ಹನುಮಪ್ಪ ಗಾಳಿಯ ಮಗ, ಹಾರುವವ. ರಸ್ತೆಯ ಗುಂಡಿಯ ಸಂಗತಿ ಅವನಿಗೇನು ಗೊತ್ತು?

ಹೀಗೇ ಶನಿವಾರ ಬಂತು. ಅಕ್ಕನ ಮೊಮ್ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗುವುದಿತ್ತು. ಸೊಸೆ ಹೊಡೆಯುವವಳು, ನಾನು ಹಿಂದೆ. ಮಗ ಸೀರೆ ಅಂಗಡಿ ಎಂದರೆ ಓಡಿ ಹೋಗುವವ, ಅವತ್ತು ತಾನಾಗಿಯೇ ಮುಂದಿನ ಸೀಟಿನಲ್ಲಿ ಬಂದು ಕೂತ. ಪ್ರತಿ ಸದ್ದಿಗೂ ಕಿವಿ ನಿಗುರಿಸಿ, "ಹಾಂ. ಇನ್ನೊಂದು" ಎನ್ನುತ್ತಿದ್ದ. ಅಮೀನಗಡ ದಾಟುವ ಹೊತ್ತಿಗೆ ಸೊಸೆ ಹಲ್ಲು ಕಡಿಯುವ ಸದ್ದೂ ಅದರಲ್ಲಿ ಸೇರಿಕೊಂಡಿತು.

ಹುನಗುಂದದಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಇದ್ದಾನೆ, ಶಾಲೆಯವರ ಗಾಡಿಗಳೆಲ್ಲ ಅವನ ಹತ್ತಿರವೇ ಹೋಗುತ್ತವೆ, ಕಡೆಯ ಸಲ ತೋರಿಸೋಣ ಎಂದಳು ಸೊಸೆ. ಹೋದೆವು. ಮುದುಕನಿಗೆ ಒಂದು ಕಿವಿ ಕೇಳಿಸುವುದಿಲ್ಲ.

"ಸದ್ದು ಹುಡುಕಾಕ ಕಿವುಡನ ಕಡೆ ಬಂದೀವಿ" ಎಂದು ಮಗ ನನ್ನ ಕಿವಿಯಲ್ಲಿ ಅಂದ.

ಮುದುಕನಿಗೆ ಅದು ಸರಿಯಾಗಿ ಕೇಳಿಸಿತು. "ಕಿವಿ ಎರಡೂ ಇದ್ದವ್ರು ಹುಡುಕಿ ಆತಲ್ರಿ ಸಾಹೇಬ್ರ. ಇನ್ನ ನಮ್ಮ ಪಾಳಿ" ಎಂದ. ಕಾರನ್ನು ಹಿಂದಿನಿಂದ ಜಗ್ಗಾಡಿಸುತ್ತಾ ತಗಡಿಗೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ ನಿಂತ. ಆಮೇಲೆ ಹೇಳಿದ:

"ಇದು ಕಬ್ಬಿಣದ ಸದ್ದಲ್ರಿ. ಕಬ್ಬಿಣ ಬಡದ್ರ ಕೈ ಜುಂ ಅಂತೈತಿ. ಇದು ಕಟಗಿ ಇದ್ದಂಗ ಐತಿ. ಒಳಗ ಏನೋ ಉಳ್ಳಾಡಾಕತ್ತೈತಿ."

ಡಿಕ್ಕಿಯ ಎಡಗಡೆ ಅಂಗೈಯಗಲದ ಒಂದು ಸಣ್ಣ ಬಾಗಿಲಿದೆ. ಹಿಂದಿನ ದೀಪದ ಬಲ್ಬು ಬದಲಿಸಲು ಇಟ್ಟದ್ದಂತೆ. ಮುದುಕ ಅದನ್ನು ಕಿತ್ತು ಕೈ ಹಾಕಿದ. ಹಿಕ್ಕೆ ಬಂತು.

"ಇಲಿ ಐತ್ರಿ" ಎಂದ. ಮತ್ತೆ ಕೈ ಹಾಕಿದ. ಒಂದು ಅಡಿಕೆ ಬಂತು. ಇಡೀ ಬೆಟ್ಟಡಿಕೆ. ಆಮೇಲೆ ಇನ್ನೊಂದು. ಮೂರು. ನಾಲ್ಕು.

ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ.

ಆ ಅಡಿಕೆ ಇಟ್ಟವಳು ನಾನು. ಕಾರು ಬಂದ ಮರುದಿನ ಸೊಸೆ ಮೊದಲ ಸಲ ಅದನ್ನು ಶಾಲೆಗೆ ಒಯ್ಯುವುದಿತ್ತು. ನಮ್ಮಲ್ಲಿ ಮನೆಯ ಹೆಣ್ಣು ಹೊಸದಾಗಿ ಎಲ್ಲಿಗಾದರೂ ಹೊರಟರೆ ಬರಿಯ ಸೆರಗಿನಲ್ಲಿ ಕಳಿಸುವುದಿಲ್ಲ, ಉಡಿ ತುಂಬಿ ಕಳಿಸುತ್ತೇವೆ: ಅಕ್ಕಿ, ಕೊಬ್ಬರಿ ಬಟ್ಟಲು, ಐದು ಅಡಿಕೆ, ಐದು ಅರಿಶಿಣದ ಕೊಂಬು, ಐದು ಉತ್ತತ್ತಿ, ರವಿಕೆಗೆಂದು ಒಂದು ಖಣ. ಆದರೆ ಅದನ್ನು ತುಂಬುವವಳು ಮುತ್ತೈದೆಯಾಗಬೇಕು ಎನ್ನುತ್ತಾರೆ. ನನ್ನ ಗಂಡ ಸತ್ತು ಒಂಬತ್ತು ವರ್ಷ. ಬಸವಣ್ಣನವರ ಮಾತು ಹೇಳುವ ಓಣಿಯೇ, ಉಡಿಯ ಹೊತ್ತಿಗೆ ನನ್ನನ್ನು ಒಳಗೆ ಹೋಗು ಅನ್ನುವುದು. ಸೊಸೆಗೆ ತುಂಬಿದರೆ ನಾಲ್ಕು ಮಂದಿ ನೋಡುತ್ತಾರೆ. ಕಾರಿಗೆ ತುಂಬಿದರೆ, ನನ್ನ ಗಂಡ ಇದ್ದಾನೋ ಸತ್ತಿದ್ದಾನೋ ಎಂದು ಅದು ಕೇಳುತ್ತದೆಯೇ? ಎಲ್ಲವನ್ನೂ ಗುಳೇದಗುಡ್ಡದ ಖಣದಲ್ಲಿ ಗಂಟು ಕಟ್ಟಿದೆ. ಡಿಕ್ಕಿ ತೆರೆದಿತ್ತು. ಒಳಗೆ ಗೋಡೆಯ ಗೂಡಿನ ಹಾಗೆ ಈ ಸಣ್ಣ ಬಾಗಿಲು ಕಂಡಿತು. ಇದೇ ಇದರ ಉಡಿ ಎಂದು ಗಂಟನ್ನು ತುರುಕಿ ಮುಚ್ಚಿದೆ. ಆಮೇಲೆ ಮರೆತೆ. ಗಂಟು ಇರುವವರೆಗೆ ಸದ್ದಿರಲಿಲ್ಲ. ಕೊಬ್ಬರಿಯ ವಾಸನೆಗೆ ಇಲಿ ಬಂದು ಖಣ ಕಡಿದಿತ್ತು.

"ಎಲ್ಲೆಲ್ಲಿಂದೋ ತಂದು ಒಟ್ಟತಾವ್ರಿ ಇಲಿ" ಎಂದ ಮುದುಕ.

"ನೋಡ್ರಿ, ಗುಂಡಿ ಅಲ್ಲ, ನನ್ನ ಡ್ರೈವಿಂಗೂ ಅಲ್ಲ. ಇಲಿ!" ಎಂದಳು ಸೊಸೆ, ಗಂಡನಿಗೆ.

"ಹೌದಽ, ಇಲಿ!" ಎಂದೆ ನಾನು ಎಲ್ಲರಿಗಿಂತ ಜೋರಾಗಿ. ಪಾಪ, ಇಲಿಗೆ ಬಾಯಿಲ್ಲ. ನನಗೆ ಒಳ್ಳೆಯದೇ ಆಯಿತು.

ನಾಲ್ಕು ಅಡಿಕೆ ತೆಗೆದು, ಕೈಗೆ ಸಿಕ್ಕದ್ದು ಇಷ್ಟೇ ಎಂದು ಮುದುಕ ಬಾಗಿಲು ಮುಚ್ಚಿದ. ಚಹಾ ಕುಡಿದೆವು. ಇಳಕಲ್ ರಸ್ತೆ ಹಿಡಿದೆವು. ಸೊಸೆ ಗುನುಗುತ್ತಿದ್ದಳು. ಮಗ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ನಾಲ್ಕು ಎಂಬುದನ್ನೇ ಯೋಚಿಸುತ್ತಿದ್ದೆ. ಯಾರಾದರೂ ನಾಲ್ಕು ಅಡಿಕೆಯಲ್ಲಿ ಉಡಿ ತುಂಬುತ್ತಾರೆಯೇ?

ಒಂದು ರಸ್ತೆ ಉಬ್ಬು ಬಂತು.

ಟಕ್.

ಮಗ ನಿಧಾನಕ್ಕೆ ತಿರುಗಿದ. ಗೆದ್ದವನ ಮುಖ. "ಹಾಂ. ಇದೂ ಇಲಿ ಏನು? ಆತಿನ್ನ. ನಾಳೆ ಬಾದಾಮಿಯಂವಾ ಬರ್ತಾನ, ಕೊಟ್ಟು ಕೈ ತೊಳಕೊಳ್ಳೂದು."

ಸೊಸೆ ಗುನುಗುವುದನ್ನು ನಿಲ್ಲಿಸಿದಳು. ಕನ್ನಡಿಯಲ್ಲಿ ಆಕೆಯ ಕಣ್ಣು ಕಂಡವು. ಏಳು ವರ್ಷ ಬೆಳಗ್ಗೆ ಬಸ್ಸಿಗೆ ಓಡುತ್ತಿದ್ದಾಗಿನ ಕಣ್ಣು. ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಆಕೆಯ ಕಾರು ಹೋಗುತ್ತದೆ. ಮಾನ ಇಟ್ಟುಕೊಂಡು ಬಸ್ಸಿನ ಮೆಟ್ಟಿಲು ಹತ್ತಲು ಬರುತ್ತದೆಯೇ?

"ಗಾಡಿ ಹೊಳ್ಳಿಸು" ಎಂದೆ.

"ಯಾಕ್ರಿ ಅತ್ತಿ?"

"ಇನ್ನೂ ಒಂದು ಅಡಿಕಿ ಐತಿ."

"ನಿನಗ್ಹ್ಯಾಂಗ ಗೊತ್ತವ್ವಾ? ಇಲಿ ಬಂದು ನಿನ್ನ ಮುಂದ ಲೆಕ್ಕಾ ಹೇಳಿ ಹೋತೇನು?" ಎಂದ ಮಗ.

"ಇಲಿ ಅಲ್ಲೋ ಮೂಳಾ, ನಾನು. ಕಾರಿಗೆ ಉಡಿ ತುಂಬೇನಿ. ಐದು ಇಟ್ಟಿದ್ದೆ."

ಸೊಸೆ ಬ್ರೇಕು ಒತ್ತಿದಳು. ಟಕ್ ಎಂದಿತು ಐದನೆಯದು, ಹಾಜರಿ ಹೇಳಿದ ಹಾಗೆ. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಒತ್ತಿ, ಮುಂದೆ ಹೋಗುವಾಗ ನಮ್ಮ ಮೂವರಿಗೂ ಬೈದು ಹೋದ.

"ಕಾರಿಗೆ ಯಾರರ ಉಡಿ ತುಂಬತಾರೇನವ್ವಾ?"

"ಮನಿ ಹೆಣ್ಣು ಹೊಸದಾಗಿ ಹೊಂಟ್ರ ಬರೇ ಸೆರಗಿಲೆ ಕಳಸ್ತಾರೇನು?"

"ಅದು ಹೆಣ್ಣಂತ ನಿನಗ ಯಾರು ಹೇಳಿದ್ರು?"

"ನೀ ಹೊಡದ್ರ ಕಂಬಕ್ಕ ಹೋಗಿ ಹಾಯತೈತಿ. ಆಕಿ ಹೊಡದ್ರ ಸಾಲಿಗೆ ಹೋಗತೈತಿ. ಗಂಡಸಾಗಿದ್ರ ಇಷ್ಟು ಶಾಣ್ಯಾ ಇರತಿತ್ತೇನು?"

ಸೊಸೆ ಸ್ಟೀರಿಂಗಿಗೆ ಹಣೆ ಹಚ್ಚಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು ಮುನಿಸಿನಲ್ಲಿ ಕೇಳಿದಳು: "ನನಗ ಯಾಕ ತುಂಬಲಿಲ್ರಿ ಮತ್ತ? ಗಾಡಿ ನನಗಿಂತ ಹೆಚ್ಚಾತೇನು?"

"ನಿನಗ ತುಂಬಿದ್ರ ಓಣಿ ನೋಡತಿತ್ತು. ಗಂಡ ಇಲ್ದಾಕಿ ತುಂಬಿದ್ಳು ಅಂತ ನಿನಗಽ ಅನ್ನತಿದ್ರು."

ಆಕೆ ಗಾಡಿ ತಿರುಗಿಸಿದಳು.

ಮುದುಕನ ಕೈ ಮೂಲೆಯವರೆಗೆ ಮುಟ್ಟಲಿಲ್ಲ. ಸೊಸೆ ಬಳೆ ಕಳಚಿ ನನ್ನ ಕೈಗೆ ಕೊಟ್ಟು, ತನ್ನ ತೆಳ್ಳನೆಯ ಕೈಯನ್ನು ಮೊಣಕೈ ತನಕ ತೂರಿಸಿದಳು. ಮೊದಲು ಜಾಳಾದ ಖಣ ಬಂತು. ಆಮೇಲೆ ಅರಿಶಿಣದ ಕೊಂಬುಗಳು, ಉತ್ತತ್ತಿಯ ಬೀಜ, ಕೊಬ್ಬರಿಯ ಚೂರು. ಕಡೆಗೆ ಐದನೆಯ ಅಡಿಕೆ. ಗಣಿತದವಳು, ಎಲ್ಲವನ್ನೂ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟು ಎಣಿಸಿಯೇ ಬಿಟ್ಟಳು.

"ಅಕ್ಕಿ ಎಷ್ಟು ಕಾಳು ಹಾಕಿದ್ರಿ ಅತ್ತಿ? ಅವೂ ಹುಡಕೂದೇನು?"

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾ ಹೇಳಿದ: "ಐವತ್ತು ವರ್ಷ ಗಾಡಿ ಬಿಚ್ಚೇನ್ರಿ ಯವ್ವಾ. ಗಾಡಿ ಬಾಣಂತನ ಮಾಡಿದ್ದು ಇದಽ ಮೊದಲ."

ಮಗ ದೂರ ಹೋಗಿ ಬಾದಾಮಿಗೆ ಫೋನ್ ಹಚ್ಚಿದ. ನಾನೂ ಅವನ ಹಿಂದೆ ಹೋಗಿ ನಿಂತೆ. "ಇಲ್ಲಪಾ, ನಾಳೆ ಬರಬ್ಯಾಡ. ಸದ್ದು? ಸದ್ದು ನಿಂತೈತಿ. ಅದಕ್ಕಽ ಕೊಡಂಗಿಲ್ಲ." ಏನಿತ್ತೆಂದು ಅತ್ತಲಿಂದ ಕೇಳಿರಬೇಕು. "ಏನಿತ್ತಂದ್ರ... ಮನ್ಯಾಗಿನ ಮಾತು ಬಿಡಪಾ." ನನ್ನ ಹೆಸರು ಹೇಳಲಿಲ್ಲ. ಅಷ್ಟು ಮಾತ್ರ ಸರಿಯಾಗಿ ಬೆಳೆಸಿದ್ದೇನೆ.

ಇಲಿ ಮುಟ್ಟಿದ್ದರೂ ಉಡಿಯನ್ನು ಕಸಕ್ಕೆ ಹಾಕಬಾರದು. ಇಳಕಲ್ಲಿನಿಂದ ಬರುವಾಗ ಕಮತಗಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿ ಎಲ್ಲವನ್ನೂ ಹೊಳೆಗೆ ಬಿಟ್ಟೆ. ಅಲ್ಲಿಂದ ಮನೆಯ ತನಕ ಕಾರಿನಲ್ಲಿ ಒಂದು ಸದ್ದಿಲ್ಲ. ಮಗನಿಗೆ ಹೊತ್ತು ಹೋಗಲಿಲ್ಲ, ಮಲಗಿಬಿಟ್ಟ.

ಸೋಮವಾರ ಬೆಳಗ್ಗೆ ಸೊಸೆ ಶಾಲೆಗೆ ಹೊರಟವಳು ಗೇಟಿನ ತನಕ ಹೋಗಿ ತಿರುಗಿ ಬಂದಳು. ಪಕ್ಕದ ಮನೆಯವಳು ರಂಗೋಲಿ ಹಾಕುತ್ತಿದ್ದಳು, ಎದುರು ಮನೆಯವರು ಹಾಲು ತೆಗೆದುಕೊಳ್ಳುತ್ತಿದ್ದರು. ಅಷ್ಟೂ ಜನರ ಮುಂದೆ ಸೆರಗು ಒಡ್ಡಿ ನಿಂತಳು.

"ತುಂಬ್ರಿ ಅತ್ತಿ. ಗಾಡಿಗೆ ಒಂದು ನ್ಯಾಯ, ನನಗೊಂದು ನ್ಯಾಯ ಏನು?"

"ಹುಚ್ಚಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಲಗೂ ಮಾಡ್ರಿ, ಪ್ರಾರ್ಥನಾಕ್ಕ ಟೈಮ್ ಆಗತೈತಿ."

ಪಕ್ಕದ ಮನೆಯವಳ ರಂಗೋಲಿಯ ಗೆರೆ ಎತ್ತಲೋ ಹೋಯಿತು. ನಾನು ಒಳಗೆ ಹೋಗಿ ಅಕ್ಕಿ ತಂದೆ, ಕೊಬ್ಬರಿ ತಂದೆ, ಖಣ ತಂದೆ. ತುಂಬಿದೆ. ಅಡಿಕೆ ಮಾತ್ರ ಹಾಕಲಿಲ್ಲ. ಈಕೆಯೂ ಸದ್ದು ಮಾಡಲು ಹಿಡಿದರೆ ಯಾವ ಮೆಕ್ಯಾನಿಕ್ಕನ ಹತ್ತಿರ ಒಯ್ಯುವುದು?